ಅಂಗುಸ್ತಾನದ ಗುರುತಿನ ರೊಟ್ಟಿ

ನಮ್ಮ ಫೆಹೇರ್ವಾರ್ ಊರಿನ ಮೇಲ್ಪೇಟೆಯಲ್ಲಿ ಜರಡಿ ಬೀದಿ ಅಂತ ಒಂದು ಬೀದಿ. ಬೀದಿಯ ನಟ್ಟನಡುವೆ, ಎತ್ತರದ ಹೊಗೆಗೂಡಿನ ಮನೆಯಲ್ಲಿ, ರೊಟ್ಟಿ ಸುಡುವ ಅಂಬ್ರುಶನ ಹೆಂಡತಿ ಏತೆಲ್ಕಾ ನೇನಿ ಇದ್ದಳು; ದೊಡ್ಡ ಹೆಂಗಸರನ್ನು ನಾವು ನೇನಿ ಅನ್ನುತ್ತೇವೆ, ಗಂಡಸರನ್ನು ಬಾಚಿ. ಬೀದಿಯ ಕೊನೆಗೆ, ಗಜ್ಜರಿ ಬೆಳೆಯುವ ಹಿತ್ತಿಲುಗಳು ಶುರುವಾಗುವ ಕಡೆ, ಬಟ್ಟೆ ಹೊಲಿಯುವ ಹೆರ್ಮಿನಾ ನೇನಿ ಇದ್ದಳು. ಏತೆಲ್ಕಾಳಿಗೆ ಹೆರ್ಮಿನಾಳನ್ನು ಕಂಡರೆ ಹೊಟ್ಟೆಯೊಳಗೆ ಕೆಂಡ. ನಿನ್ನೆ ಮೊನ್ನೆಯ ಕೆಂಡವಲ್ಲ, ಯುದ್ಧದ ಕಾಲದ್ದು. ಒಲೆಯ ಮನೆಯವಳಾದ್ದರಿಂದ ಅದು ಆರದಂತೆ ನೋಡಿಕೊಳ್ಳುವುದು ಏತೆಲ್ಕಾ ನೇನಿಗೆ ಚೆನ್ನಾಗಿ ಗೊತ್ತಿತ್ತು.

ಹೆರ್ಮಿನಾಳ ಕಿಟಕಿಯಲ್ಲಿ ಹೂ ಕೆಂಪಗೆ ಅರಳಿದರೆ, "ಬಟ್ಟೆ ಬಣ್ಣ ಸುರೀತಾಳೆ ಬುಡಕ್ಕೆ, ಇಲ್ದಿದ್ರೆ ಯಾವ ಹೂವು ಹಾಗಿರತ್ತೆ?" ಅನ್ನುತ್ತಿದ್ದಳು. ಹೆರ್ಮಿನಾಳ ಜರದಾಳು ಜಾಮನ್ನು ಯಾರಾದರೂ ಹೊಗಳಿದರೆ, ಮರುದಿನವೇ ತನ್ನ ಜಾಮಿನ ಬಾಟಲಿ ಅವರ ಮನೆಗೆ ಹೋಗುತ್ತಿತ್ತು, ಹೋಲಿಸಿ ನೋಡಲಿ ಅಂತ. ಒಂದು ಸಲ ಹೆರ್ಮಿನಾಳಿಗೆ ನ್ಯುಮೋನಿಯಾ ಆಗಿ ಆಂಬುಲೆನ್ಸು ಬಂತು. ಅದೇ ವಾರ ಏತೆಲ್ಕಾ ನೇನಿಗೂ ಎದೆ ಬಿಗಿಯಿತು. ಏನೂ ಇಲ್ಲ ಅಂದ ಡಾಕ್ಟರನ್ನು ಅವಳು ಮತ್ತೆ ಯಾವತ್ತೂ ನಂಬಲಿಲ್ಲ.

ಅಂಬ್ರುಶ್ ತೀರಿಕೊಂಡ ಮೇಲಾದರೂ ಇದು ತಣ್ಣಗಾಗಬೇಕಿತ್ತು. ಆಗಲಿಲ್ಲ. ನವೆಂಬರಿನಲ್ಲಿ ಸತ್ತವರ ದಿನ ನಾವೆಲ್ಲ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಹೋಗುತ್ತೇವಲ್ಲ, ಪ್ರತಿ ವರ್ಷವೂ ಏತೆಲ್ಕಾ ನೇನಿ ಹೋಗುವಷ್ಟರಲ್ಲಿ ಗಂಡನ ಸಮಾಧಿಯ ಮೇಲೆ ಒಂದು ಮೋಂಬತ್ತಿ ಉರಿಯುತ್ತಿರುತ್ತಿತ್ತು. ಯಾರದ್ದೆಂದು ಅವಳಿಗೆ ಗೊತ್ತಿತ್ತು. ಅದನ್ನು ಆರಿಸಲು ಧೈರ್ಯವಿಲ್ಲ, ಸತ್ತವರ ಬೆಳಕು. ಹಾಗಾಗಿ ಅದರ ಮುಂದೆ ತನ್ನ ಅತಿ ದೊಡ್ಡ ಸೇವಂತಿಗೆ ಕುಂಡವನ್ನು ಇಟ್ಟು ಮರೆ ಮಾಡುತ್ತಿದ್ದಳು.

ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದೂ ಇಬ್ಬರ ನಡುವೆ ಮಾತು 'ನೀವು' ಅನ್ನುವುದರಿಂದ ಕೆಳಗೆ ಇಳಿದಿರಲಿಲ್ಲ. ನಮ್ಮಲ್ಲಿ ಹೆಂಗಸರು ಒಂದು ಬೇಸಿಗೆ ಒಟ್ಟಿಗೆ ಟೊಮ್ಯಾಟೊ ಕುದಿಸಿದರೆ ಸಾಕು, 'ನೀನು' ಅಂದುಕೊಳ್ಳುತ್ತಾರೆ. ದೊಡ್ಡವಳು ಮೊದಲು ಹೇಳಬೇಕು ಅನ್ನುವುದು ಪದ್ಧತಿ. ಹೆರ್ಮಿನಾ ಒಂದು ವರ್ಷಕ್ಕೆ ದೊಡ್ಡವಳು, ಅವಳು ಹೇಳಲಿಲ್ಲ. ಹೇಳುವ ಹಾಗೆ ಇವಳು ಎದುರು ನಿಲ್ಲಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ರೊಟ್ಟಿ.

ಆಗೆಲ್ಲ ಹಿಟ್ಟು ನಾದುವುದು ಮನೆಯಲ್ಲಿ, ಸುಡುವುದು ಅಂಬ್ರುಶನ ಒಲೆಯಲ್ಲಿ. ಬೆಳಗ್ಗೆ ಹೆಂಗಸರು ಉಬ್ಬಿದ ಹಿಟ್ಟನ್ನು ಹುಲ್ಲಿನ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಯಾರ ರೊಟ್ಟಿ ಯಾರದ್ದೆಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರದ್ದು ಬೀಗದಕೈ, ಒಬ್ಬರದ್ದು ಬಾಚಣಿಗೆಯ ಹಲ್ಲು, ಒಬ್ಬರದ್ದು ಕೋಟಿನ ಗುಂಡಿ. ಹೆರ್ಮಿನಾಳದ್ದು ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಅಂಗುಸ್ತಾನ. ಮನೆಯೊಡತಿ ತನ್ನ ಅಡುಗೆಮನೆಯಲ್ಲೇ ಹಿಟ್ಟಿನ ನೆತ್ತಿಗೆ ಗುರುತು ಒತ್ತಿ ತರಬೇಕು. ರೊಟ್ಟಿಯವನು ಒತ್ತುವ ಹಾಗಿಲ್ಲ. ಸೊಸೆ ಬಂದ ಮನೆಯಲ್ಲಿ ಅತ್ತೆ ಮೊದಲ ಸಲ ಸೊಸೆಯ ಕೈಯಲ್ಲಿ ಗುರುತು ಒತ್ತಿಸಿದಳೆಂದರೆ, ಮನೆ ಅವಳ ಕೈಗೆ ಬಂತು ಅಂತ ಅರ್ಥ.

ಯುದ್ಧದ ಕೊನೆಯ ಶರತ್ಕಾಲದಲ್ಲಿ, ಜರ್ಮನರ ಬೆಂಬಲದಿಂದ, ಯಹೂದಿಗಳನ್ನು ಬೇಟೆಯಾಡುತ್ತಿದ್ದ ಬಾಣಶಿಲುಬೆಯ ಪಕ್ಷದವರು ಅಧಿಕಾರ ಹಿಡಿದಿದ್ದರು. ಹಿಟ್ಟು ರೇಷನ್ ಚೀಟಿಗೂ ಸಿಗದಂತಾಗಿತ್ತು. ಏತೆಲ್ಕಾ ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ಬೆಳಗ್ಗೆ ಒಲೆಮನೆಯ ಬಾಗಿಲಿಗೆ ಬಂದಾಗ ಗಂಡ ಬೆನ್ನು ಮಾಡಿ ನಿಂತಿದ್ದ. ಪಕ್ಕದ ಬುಟ್ಟಿಗಳಿಂದ ಒಂದೊಂದು ಚಿವುಟು ಹಿಟ್ಟು ತೆಗೆದು, ಉಂಡೆ ಮಾಡಿ, ಅಪ್ರನ್ನಿನ ಜೇಬಿನಿಂದ ಏನೋ ತೆಗೆದು ಅದರ ನೆತ್ತಿಗೆ ಒತ್ತಿದ. ಮಧ್ಯಾಹ್ನ ಅವನು ಅಪ್ರನ್ ಬಿಚ್ಚಿಟ್ಟು ಮಲಗಿದಾಗ ಏತೆಲ್ಕಾ ಜೇಬಿಗೆ ಕೈ ಹಾಕಿದಳು. ಹಿತ್ತಾಳೆಯ ಅಂಗುಸ್ತಾನ.

ಹೆರ್ಮಿನಾಳ ಗಂಡ ರಷ್ಯಾದ ಡಾನ್ ನದಿ ದಂಡೆಗೆ ಯುದ್ಧಕ್ಕೆ ಹೋಗಿದ್ದವನು ತಿರುಗಿ ಬಂದಿರಲಿಲ್ಲ. ಅವಳ ಹತ್ತಿರ ರೊಟ್ಟಿ ಸುಡಿಸುವಷ್ಟು ಹಿಟ್ಟಿಲ್ಲ. ಆದರೂ ದಿನ ಬಿಟ್ಟು ದಿನ ಖಾಲಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ತಂದು, ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದಳು. ಏತೆಲ್ಕಾ ಯಾರಿಗೂ ಏನೂ ಹೇಳಲಿಲ್ಲ, ಗಂಡನನ್ನು ಕೇಳಲೂ ಇಲ್ಲ. ಅವತ್ತಿನಿಂದ ಅವನ ಜೊತೆ ಮಾತು ನಿಲ್ಲಿಸಿದಳು. ಊರಿಗೆ ರಷ್ಯನ್ನರು ಬಂದರು, ಜರ್ಮನರು ಮತ್ತೆ ಕಿತ್ತುಕೊಂಡರು, ರಷ್ಯನ್ನರು ಮತ್ತೆ ಬಂದರು. ನೆಲಮಾಳಿಗೆಯಲ್ಲಿ ಇಡೀ ಬೀದಿ ಒಬ್ಬರ ಮೈಗೊಬ್ಬರು ಅಂಟಿಕೊಂಡು ಕೂತಾಗಲೂ ಅವಳು ಗಂಡನ ಪಕ್ಕ ಕೂರದೆ ಅಲೂಗಡ್ಡೆ ಪೆಟ್ಟಿಗೆಯ ಮೇಲೆ ಕೂತಿದ್ದಳಂತೆ. ಆಮೇಲೆ ಮಾತು ಬಂತು, ಮಕ್ಕಳೂ ಆದವು. ಆ ಪ್ರಶ್ನೆ ಮಾತ್ರ ಕೇಳದೆಯೇ ಉಳಿಯಿತು.

ಸರ್ಕಾರ ಬದಲಾಗಿ, ಬಾಯಿ ಬಿಡಬಹುದು ಅನ್ನುವ ಕಾಲ ಬಂದ ಮೇಲೆ, ಯುದ್ಧ ಮುಗಿದು ಐವತ್ತು ವರ್ಷವಾದ ನೆಪದಲ್ಲಿ ಮೇಲ್ಪೇಟೆಯ ಚರಿತ್ರೆ ಕೂಟದವರು ಒಂದು ಪುಸ್ತಕ ತರಲು ಹೊರಟರು. ಕೂಟದ ಮುಖ್ಯಸ್ಥ ಲೋರಾಂದ್ ಮೇಷ್ಟ್ರು. ಒಂದೊಂದು ಮನೆಯವರು ತಮ್ಮ ಮನೆಯ ಆ ಚಳಿಗಾಲವನ್ನು ಬರೆದು ಕೊಡಬೇಕು, ಬೀದಿಯ ಬೇರೆಯವರು ಕೇಳಿ ಹೌದು ಅಲ್ಲ ಅನ್ನಬೇಕು, ಎರಡೂ ಅಚ್ಚಾಗಬೇಕು. ಟೈಪು ಮಾಡುವ ಕೆಲಸ ನನ್ನದು. ಕೂಟದಲ್ಲಿ ಪುಸ್ತಕದ ಹೆಸರಿಗೇ ಜಗಳ ಹತ್ತಿತು. ರಷ್ಯನ್ನರು ಬಂದದ್ದಕ್ಕೆ ಅರ್ಧ ಜನ ಬಿಡುಗಡೆ ಅಂದರು, ಇನ್ನರ್ಧ ದಾಳಿ ಅಂದರು. ಕೊನೆಗೆ ಮೇಷ್ಟ್ರು ಸೋತು 'ಆ ಚಳಿಗಾಲ' ಅಂತ ಇಟ್ಟರು. ಚಳಿ ಇತ್ತು ಅನ್ನುವುದನ್ನು ಮಾತ್ರ ಎರಡೂ ಕಡೆಯವರು ಒಪ್ಪಿದರು.

ಏತೆಲ್ಕಾ ನೇನಿ ತನ್ನ ಒಲೆಯ ಕತೆ ಬರೆದು ತಂದಳು. ಅದರಲ್ಲಿ ಅಂಬ್ರುಶ್ ಗುಂಡಿನ ಸದ್ದಿಗೂ ಒಲೆ ಆರಿಸಲಿಲ್ಲ, ಸೈನ್ಯಕ್ಕೂ ಬೇಡವಾದ ಕುಂಟುಕಾಲಲ್ಲೇ ಬಾವಿಯಿಂದ ನೀರು ಹೊತ್ತ, ಬೀದಿಗೆಲ್ಲ ರೊಟ್ಟಿ ಕೊಟ್ಟ. ಚಿವುಟಿದ ಹಿಟ್ಟಿಲ್ಲ. ಅಂಗುಸ್ತಾನವಿಲ್ಲ. ಹೆರ್ಮಿನಾ ಎಂಬ ಹೆಂಗಸು ಜರಡಿ ಬೀದಿಯಲ್ಲಿ ಹುಟ್ಟಿಯೇ ಇಲ್ಲ.

ಕೂಟದಲ್ಲಿ ಓದಿ ಮುಗಿಸುತ್ತಿದ್ದಂತೆ ಎದುರುಮನೆಯ ಬೋರ್ಬಾಲಾ ಎದ್ದಳು. ಆ ಚಳಿಗಾಲದಲ್ಲಿ ಅವಳು ಪುಟ್ಟ ಹುಡುಗಿ, ವಿಧವೆ ತಾಯಿಯ ಮಕ್ಕಳಲ್ಲಿ ಕೊನೆಯವಳು.

"ಏತೆಲ್ಕಾ ನೇನಿ, ಸತ್ತವರ ಬಗ್ಗೆ ಕೆಟ್ಟದ್ದು ಆಡ್ಬಾರ್ದು, ಸರಿ. ಆದ್ರೆ ಅಂಬ್ರುಶ್ ಬಾಚಿ ನಮ್ಮ ಹಿಟ್ಟು ಚಿವುಟ್ತಿದ್ರು. ಅಮ್ಮ ಸಾಯೋವರೆಗೂ ಹೇಳ್ತಿದ್ಳು. ಬುಟ್ಟಿ ತುಂಬ ಕೊಟ್ರೆ ರೊಟ್ಟಿ ಕುಗ್ಗಿ ಬರ್ತಿತ್ತು."

"ರೊಟ್ಟಿ ಸುಟ್ಟಾಗ ಕುಗ್ಗತ್ತೆ ಬೋರಿ. ಒಲೆ ಮುಂದೆ ನಿಂತವ್ರಿಗೆ ಗೊತ್ತಿರತ್ತೆ."

"ಶಾಂತಿ ಕಾಲ್ದಲ್ಲಿ ಕುಗ್ತಿರ್ಲಿಲ್ವಲ್ಲ? ಜರ್ಮನ್ ಸಿಪಾಯಿಗಳಿಗೆ ಮಾರಿದ್ರು ಅಂತ ಇಡೀ ಬೀದಿಗೆ ಗೊತ್ತು."

"ನನ್ ಗಂಡ ಯಾವ ಜರ್ಮನನಿಗೂ ಒಂದು ತುಣುಕೂ ಮಾರಿಲ್ಲ."

"ಮತ್ತೆ ಆ ಹಿಟ್ಟು ಎಲ್ಲಿಗೆ ಹೋಯ್ತು?"

ಏತೆಲ್ಕಾ ನೇನಿಯ ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು. ಅವಳ ಮುಖಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಉತ್ತರ ಅವಳ ಬಾಯಲ್ಲೇ ಇತ್ತು. ಕೊಟ್ಟರೆ ಗಂಡ ಕಳ್ಳ ಅನ್ನುವುದು ಹೋಗಿ, ಇನ್ನೊಬ್ಬಳ ಹಿಂದೆ ಹೋದವನು ಅಂತಾಗುತ್ತದೆ. ಎರಡರಲ್ಲಿ ಕಳ್ಳ ಅನ್ನುವುದೇ ವಾಸಿ ಅನ್ನಿಸಿತೇನೋ. ತನ್ನ ಹಾಳೆಗಳನ್ನು ಮಡಿಸಿ ಕೂತಳು.

ಲೋರಾಂದ್ ಮೇಷ್ಟ್ರು ಮೀಸೆ ತಿರುವುತ್ತ ಹೇಳಿದರು: "ನೋಡಿ, ಬೋರ್ಬಾಲಾ ಹೇಳಿದ್ದೂ ಹಾಕ್ತೀವಿ, ನೀವು ಬರೆದದ್ದೂ ಹಾಕ್ತೀವಿ. ಆದ್ರೆ ಆಗಿನ ಕಾಲಕ್ಕೆ ದೊಡ್ಡವರಾಗಿದ್ದು ಈಗ ಉಳಿದಿರೋರು ನೀವು ಒಬ್ರು, ಹೆರ್ಮಿನಾ ನೇನಿ ಒಬ್ರು. ಅವರನ್ನ ಒಂದ್ಸಲ ಕೇಳ್ಕೊಂಡು ಬನ್ನಿ."

"ಅದಕ್ಕಿಂತ ಬೋರಿ ಹೇಳಿದ್ದನ್ನೇ ದಪ್ಪ ಅಕ್ಷರದಲ್ಲಿ ಹಾಕಿ."

"ಹಾಕ್ಲಾ?"

ಏತೆಲ್ಕಾ ನೇನಿ ಕೋಟು ಎತ್ತಿಕೊಂಡು ಹೊರಟಳು.

ಒಂದು ವಾರ ಅವಳು ಮಾರುಕಟ್ಟೆಗೂ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ನನ್ನ ಬಾಗಿಲು ತಟ್ಟಿದಳು. ಚರ್ಚಿಗೆ ಹಾಕುವ ಕಪ್ಪು ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಹುಡುಗಿ, ಏಳು. ಅವಳ ಮನೆಗೆ ಹೋಗ್ಬೇಕು."

ನನಗಾಗಲೇ ತಲೆ ನರೆತಿತ್ತು, ಆದರೂ ಅವಳಿಗೆ ನಾನು ಹುಡುಗಿಯೇ. "ತಟ್ಟೇಲೇನು ನೇನಿ?" ಅಂದೆ.

"ಪೊಗಾಚಾ. ಬರಿಗೈಲಿ ಹೋದ್ರೆ ನಾಳೆ ಅದನ್ನೂ ಹೇಳ್ಕೊಂಡು ತಿರುಗ್ತಾಳೆ. ಮೇಲೆ ಚೀಸ್ ಜಾಸ್ತಿ ಹಾಕಿದೀನಿ. ಅವಳದ್ದು ಯಾವಾಗ್ಲೂ ಬೋಳು."

ಹೆರ್ಮಿನಾ ಬಾಗಿಲು ತೆರೆದು ನಮ್ಮನ್ನು ನೋಡಿದಳು. ಏನೂ ಆಶ್ಚರ್ಯಪಡಲಿಲ್ಲ. ತೆಳ್ಳಗೆ, ನೆಟ್ಟಗೆ ಇದ್ದಳು. ಆ ನೆಟ್ಟಗಿನ ಬೆನ್ನೂ ಏತೆಲ್ಕಾ ನೇನಿಯ ಹಳೆಯ ದೂರುಗಳಲ್ಲಿ ಒಂದು. ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ, ಕೇಳದೆಯೇ ಪುಟ್ಟ ಲೋಟಗಳಿಗೆ ಜರದಾಳು ಹಣ್ಣಿನ ಸಾರಾಯಿ, ಪಾಲಿಂಕಾ, ಬಗ್ಗಿಸಿದಳು.

"ತುಂಬ ತಡವಾಗಿ ಬಂದ್ರಿ" ಅಂದಳು.

"ಕೂಟದೋರು ಕಳಿಸಿದ್ರು. ನಾನಾಗಿ ಬಂದಿಲ್ಲ."

"ಗೊತ್ತು. ಬೋರಿ ಹೇಳಿದ್ಳು." ಉಪ್ಪಿನ ಪುಟ್ಟ ಬನ್ನಿನಂಥ ಪೊಗಾಚಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಚೆನ್ನಾಗಿದೆ. ಹಂದಿಕೊಬ್ಬು ಹಾಕಿದ್ದೀರಿ. ಅಂಬ್ರುಶ್ ಹೇಳ್ತಿದ್ರು, ನಿಮ್ಮ ಕೈಯಿಂದ ಪೊಗಾಚಾ ಮಾತ್ರ ತಪ್ಪೋದೇ ಇಲ್ಲ ಅಂತ."

ಏತೆಲ್ಕಾ ನೇನಿ ಲೋಟ ಕೆಳಗಿಟ್ಟಳು. ಹೊಗಳಿಕೆಯೇ, ಆದರೆ ತನ್ನ ಗಂಡ ಹೊಗಳಿದ್ದನ್ನು ಈ ಬಾಯಿಂದ ಕೇಳಬೇಕಾಯಿತಲ್ಲ.

"ನನ್ ಹತ್ರ ಅವರು ಅದನ್ನ ಒಂದ್ಸಲಾನೂ ಹೇಳಿಲ್ಲ" ಅಂದಳು. "ಇರಲಿ. ಆ ರೊಟ್ಟಿ ವಿಷಯಕ್ಕೆ ಬಂದಿದ್ದು. ನಿಮ್ಮ ಅಂಗುಸ್ತಾನ ನನ್ ಗಂಡನ ಜೇಬಲ್ಲಿತ್ತು. ನೋಡಿದೀನಿ."

"ನಾನೇ ಕೊಟ್ಟಿದ್ದು."

"ಅಂದ್ರೆ ಒಪ್ಕೋತೀರಿ."

"ಏನನ್ನ ಒಪ್ಕೊಳ್ಳಿ? ಆ ರೊಟ್ಟೀನ ನಾನು ತಿಂದಿಲ್ಲ."

ಹೆರ್ಮಿನಾ ಕಿಟಕಿಯ ಕಡೆ ಕೈ ತೋರಿಸಿದಳು. ಹೊರಗೆ ಹಿತ್ತಿಲು, ಚಳಿಗಾಲಕ್ಕೆ ಗಜ್ಜರಿ ಹೂತಿಡುವ ಗುಂಡಿ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಮಣ್ಣು. ಮೇಲ್ಪೇಟೆಯ ಎಲ್ಲ ಹಿತ್ತಿಲಲ್ಲೂ ಅಂಥದೊಂದು ಇದ್ದೇ ಇದೆ.

"ಅದರೊಳಗೆ ಒಬ್ಬ ಇದ್ದ. ಯಹೂದಿ, ಗಡಿಯಾರ ರಿಪೇರಿ ಮಾಡೋನು. ಸೈನ್ಯದ ಬಿಟ್ಟಿ ದುಡಿಮೆ ದಳಕ್ಕೆ ಎಳ್ಕೊಂಡು ಹೋಗಿದ್ರು, ಮಧ್ಯದಾರೀಲಿ ತಪ್ಪಿಸ್ಕೊಂಡಿದ್ದ. ಕಂದೀಲು ಹಿಡ್ಕೊಂಡು ಗಜ್ಜರಿ ತೆಗ್ಯೋಕೆ ಹೋದೆ, ಗಜ್ಜರಿ ಮಧ್ಯೆ ಕೂತಿದ್ದ. ನಂಗೆ ಅಂತ ಬರೋ ಹಿಟ್ಟಲ್ಲಿ ನಾನೊಬ್ಳೇ ಬದುಕೋದು ಕಷ್ಟ. ಅಂಬ್ರುಶ್ ಹತ್ರ ಹೋಗಿ ಹೇಳ್ದೆ. ಅವರು ಹೋಗಿ ಬಾಗಿಲು ಹಾಕಿ ಬಂದ್ರು. ಆಮೇಲೆ, ನಿಮ್ಮ ಗುರುತು ಕೊಡಿ ಅಂದ್ರು. ಗುರುತಿಲ್ದೆ ರೊಟ್ಟಿ ಆಚೆ ಹೋದ್ರೆ ಹೆಂಗಸರು ಕೇಳ್ತಾರಲ್ಲ."

"ಎಲ್ರ ಬುಟ್ಟಿಯಿಂದ ಚಿವುಟಿದ್ರಾ?"

"ಎಲ್ರ ಬುಟ್ಟಿಯಿಂದ. ಬೋರಿ ಅಮ್ಮನ ಬುಟ್ಟೀದು ಬಿಡಿ ಅಂದೆ. ಒಂದು ಬಿಟ್ರೆ ಆ ರೊಟ್ಟಿ ಮಾತ್ರ ಸರಿಯಾಗಿ ಬರತ್ತೆ, ಮಿಕ್ಕೋರು ತಮ್ಮದನ್ನ ಅದರ ಪಕ್ಕ ಇಟ್ಟು ನೋಡ್ತಾರೆ ಅಂದ್ರು. ಮಕ್ಕಳಿದ್ದ ಮನೆ ಅದು. ಅದು ಸರಿ ಅಂತ ನಾನು ಹೇಳಲ್ಲ."

ನಾನು ಗೀಚಿಕೊಳ್ಳುತ್ತಿದ್ದೆ. "ಆತ ಉಳಿದ್ನಾ ನೇನಿ?" ಅಂದೆ.

"ಕ್ರಿಸ್‌ಮಸ್‌ಗೆ ಮುಂಚೆ ರಷ್ಯನ್ನರು ಬಂದಾಗ ಹೊರಗೆ ಬಂದ. ನನ್ನ ಕೈಗೆ ಮುತ್ತಿಟ್ಟು ರಾಜಧಾನಿಗೆ, ಬುದಾದ ಕಡೆ ನಡ್ಕೊಂಡು ಹೋದ. ಅಲ್ಲಿ ಆಗ ಮುತ್ತಿಗೆ, ಬಾಣಶಿಲುಬೆಯವರು ಸಿಕ್ಕ ಯಹೂದಿಗಳಿಗೆ ಗುಂಡಿಕ್ಕುತಿದ್ರು, ನಿಮಗೇ ಗೊತ್ತು. ಉಳಿದ್ನೋ ಇಲ್ವೋ ನಂಗೆ ಗೊತ್ತಿಲ್ಲ. ಉಳಿದ ಅಂತ ಬರೀಬೇಡಿ."

"ಆದ್ರೆ ಅವನು ಹೋದ ಮೇಲೂ ರೊಟ್ಟಿ ಹೋಗ್ತಿತ್ತು" ಅಂದಳು ಏತೆಲ್ಕಾ ನೇನಿ. ಅವಳ ದನಿಯಲ್ಲಿ ಹಳೆಯ ಕೆಂಡ ಮತ್ತೆ ನಿಗಿನಿಗಿ ಅಂದಿತು. "ಹೊಸ ವರ್ಷ ಆದ್ಮೇಲೂ ಹೋಗ್ತಿತ್ತು. ನಾನು ನೆಲಮಾಳಿಗೆ ಮೆಟ್ಟಿಲಿಂದ ನೋಡಿದೀನಿ."

"ಹೋಗ್ತಿತ್ತು. ಅದು ಇನ್ನೊಬ್ಬನಿಗೆ. ಗರಿಟೋಪಿಯವನು."

ನನ್ನ ಪೆನ್ಸಿಲು ನಿಂತಿತು. ಗರಿಟೋಪಿ ಅಂದರೆ ಹುಂಜದ ಗರಿ ಸಿಕ್ಕಿಸಿದ ಟೋಪಿಯ ಪೊಲೀಸಿನವರು. ಆ ವರ್ಷದ ಬೇಸಿಗೆಯಲ್ಲಿ ಯಹೂದಿಗಳನ್ನು ಮನೆಗಳಿಂದ ಹೊರಡಿಸಿ ರೈಲಿಗೆ ತುಂಬಿದವರು.

"ಅದೇ ಗುಂಡೀಲಾ?" ಅಂದೆ.

"ಬೇರೆ ಗುಂಡಿ ಎಲ್ಲಿಂದ ತರ್ಲಿ? ರಷ್ಯನ್ನರ ಕೈಗೆ ಸಿಕ್ರೆ ಮುಗೀತು ಅಂತ ಅಳ್ತಿದ್ದ. ಕಿವಿ ಹೆಪ್ಪುಗಟ್ಟಿ ಕಪ್ಪಾಗಿತ್ತು. ಬೇಸಿಗೇಲಿ ಏನು ಮಾಡಿದೆ ಅಂತ ಕೇಳ್ದೆ. ಉತ್ತರ ಕೊಡ್ಲಿಲ್ಲ. ಆದ್ರೂ ರೊಟ್ಟಿ ಕೊಟ್ಟೆ. ಜರ್ಮನರು ತಿರುಗಿ ಬಂದ ದಿನ ಎದ್ದು ಬೂಟು ಒರೆಸ್ಕೊಂಡು ಅವರ ಜೊತೆ ಹೊರಟೋದ. ಕೈಗೆ ಮುತ್ತೂ ಇಲ್ಲ, ಏನೂ ಇಲ್ಲ. ಬರೆದ್ರೆ ಇಬ್ಬರನ್ನೂ ಬರೀರಿ. ಒಬ್ಬನ್ನ ಮಾತ್ರ ಬರೀಬೇಡಿ."

ಏತೆಲ್ಕಾ ನೇನಿಗೆ ಗಡಿಯಾರದವನೂ ಬೇಕಿರಲಿಲ್ಲ, ಗರಿಟೋಪಿಯವನೂ ಬೇಕಿರಲಿಲ್ಲ. ಮೇಜಿನ ಮೇಲೆ ಎರಡು ಕೈ ಊರಿ ಮುಂದೆ ಬಾಗಿದಳು.

"ನಿಮ್ಮಿಬ್ಬರ ಮಧ್ಯೆ ಏನಾದ್ರೂ ಇತ್ತಾ?"

ಹೆರ್ಮಿನಾ ತಕ್ಷಣ ಇಲ್ಲ ಅನ್ನಲಿಲ್ಲ. ಅನ್ನಬಹುದಿತ್ತು; ಅಂದಿದ್ದರೆ ಏತೆಲ್ಕಾ ನೇನಿ ನಂಬುತ್ತಿರಲಿಲ್ಲ.

"ನನ್ನ ಕಡೆಯಿಂದ ಇತ್ತು" ಅಂದಳು. "ಎರಡು ಚಳಿಗಾಲ ಒಬ್ಳೇ ಮಲಗಿದ್ದೆ. ಮೈ ತುಂಬ ರೊಟ್ಟಿ ವಾಸನೆ ಇರೋ ಗಂಡಸು. ಇಲ್ಲ ಅಂದ್ರೆ ಸುಳ್ಳು. ಅವರ ಕಡೆಯಿಂದ ಇರ್ಲಿಲ್ಲ. ಬುಟ್ಟಿ ಕೊಡೋರು, ಬೀದಿ ನೋಡೋರು, ಹೋಗಿ ಹೋಗಿ ಅನ್ನೋರು."

ಅಡುಗೆಮನೆಯಲ್ಲಿ ಕೆಟಲ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಇಷ್ಟು ವರ್ಷ ಬೇಕಿದ್ದ ಉತ್ತರ ಸಿಕ್ಕಿತ್ತು, ಅದೂ ಒಳ್ಳೆಯ ಉತ್ತರ. ಅವಳ ಮುಖ ಸಡಿಲವಾಗುತ್ತದೆ ಅಂದುಕೊಂಡೆ. ಇನ್ನೂ ಗಟ್ಟಿಯಾಯಿತು.

"ಹಾಗಾದ್ರೆ ನಂಗೆ ಯಾಕೆ ಹೇಳ್ಲಿಲ್ಲ? ಹೆಂಡ್ತಿ ನಾನು. ಒಲೆಮನೆ ಬೂದಿ ತೆಗೀತಿದ್ದೋಳು ನಾನು. ನಿಮ್ಮನ್ನ ನಂಬಿದ್ರು, ನನ್ನನ್ನ ನಂಬ್ಲಿಲ್ಲ. ನಿಮ್ಮ ಜೊತೆ ಮಲಗಿದ್ರು ಅಂದಿದ್ರೂ ನಂಗೆ ಇಷ್ಟು ಉರೀತಿರ್ಲಿಲ್ಲ."

"ಏತೆಲ್ಕಾ, ಕೂತ್ಕೊಳ್ಳಿ."

"ಯಾಕೆ ಹೇಳ್ಲಿಲ್ಲ ಅಂತ ಕೇಳಿದೆ."

ಹೆರ್ಮಿನಾ ನನ್ನ ಕಡೆ ಒಮ್ಮೆ ನೋಡಿದಳು, ಇವಳ ಎದುರು ಹೇಳಲೇ ಅನ್ನುವ ಹಾಗೆ. ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮಣ್ಣ ಕಾಲ್ಮಾನ್ ದಿನಾ ಮಧ್ಯಾಹ್ನ ನಿಮ್ಮನೇಲಿ ಊಟಕ್ಕೆ ಬರ್ತಿದ್ದ."

ಕಾಲ್ಮಾನ್ ತೋಳಿಗೆ ಬಾಣಶಿಲುಬೆಯ ಪಟ್ಟಿ ಕಟ್ಟಿಕೊಂಡು ಓಡಾಡಿದವನು. ಬೀದಿಗೆಲ್ಲ ಗೊತ್ತಿದ್ದ ವಿಷಯ, ಬೀದಿಯಲ್ಲಿ ಯಾರೂ ಆಡದ ವಿಷಯ. ಯುದ್ಧ ಮುಗಿಯುವ ಹೊತ್ತಿಗೆ ಪಶ್ಚಿಮಕ್ಕೆ ಓಡಿಹೋಗಿ ಅರ್ಜೆಂಟೀನಾ ಸೇರಿದ, ಕಾಫಿಪುಡಿ ಪೊಟ್ಟಣ ಕಳಿಸುತ್ತಿದ್ದ, ಅಲ್ಲೇ ಸತ್ತ. ಏತೆಲ್ಕಾ ನೇನಿಯ ಗೋಡೆಯ ಮೇಲೆ ಅವನ ಫೋಟೋ ಇತ್ತು, ಬಿಳಿ ಷರ್ಟಿನಲ್ಲಿ, ಕೈಯಲ್ಲಿ ಪಿಟೀಲು. ನೀರಿನ ಸಾಲು ನಿಲ್ಲಿಸುವ ಕೆಲಸ ಮಾತ್ರ ಮಾಡಿದ್ದ ಅಂತ ಅವಳು ಮಕ್ಕಳಿಗೆ ಹೇಳಿ ಬೆಳೆಸಿದ್ದಳು.

"ಅಣ್ಣ ಅಂಥೋನಲ್ಲ" ಅಂದಳು. ಹೇಳುತ್ತಿದ್ದ ಹಾಗೆ ಕತ್ತು ಕೆಂಪೇರಿತು.

"ನಿಮ್ಮ ಮುಖ ನೋಡ್ಕೊಳ್ಳಿ" ಅಂದಳು ಹೆರ್ಮಿನಾ. "ಅಂಬ್ರುಶ್ ಇದನ್ನೇ ಹೇಳಿದ್ರು. ಏತೆಲ್ಕಾ ಹೇಳಲ್ಲ, ಅವಳ ಕತ್ತು ಹೇಳ್ಬಿಡತ್ತೆ, ಕಾಲ್ಮಾನ್ ಎದುರಿಗೇ ಕೂತಿರ್ತಾನೆ ಅಂತ."

ಏತೆಲ್ಕಾ ನೇನಿ ಕೈಯಿಂದ ಕತ್ತು ಮುಚ್ಚಿಕೊಂಡಳು. ಆಮೇಲೆ ಇನ್ನೊಂದು ಹುಲ್ಲುಕಡ್ಡಿ ಸಿಕ್ಕಿತು, ಹಿಡಿದಳು.

"ಅಣ್ಣ ಕ್ರಿಸ್‌ಮಸ್‌ಗೆ ಮೊದ್ಲೇ ಜರ್ಮನರ ಜೊತೆ ಊರು ಬಿಟ್ಟಿದ್ದ. ಗರಿಟೋಪಿಯವನು ಬಂದಾಗ ಇರ್ಲಿಲ್ಲ. ಆಗ್ಲಾದ್ರೂ ಹೇಳ್ಬಹುದಿತ್ತು."

"ಆಗ ನೀವು ಅವರ ಜೊತೆ ಮಾತು ಬಿಟ್ಟಿದ್ರಲ್ಲ. ಅಲೂಗಡ್ಡೆ ಪೆಟ್ಟಿಗೆ ಮೇಲೆ ಕೂತಿರ್ತಿದ್ರಿ. ಯಾಕೆ ಮುನಿಸು ಅಂತ ಅವರಿಗೆ ಗೊತ್ತೇ ಇರ್ಲಿಲ್ಲ, ನನ್ನ ಕೇಳಿದ್ರು. ನಾನು ಹೇಳ್ಲಿಲ್ಲ. ನಂಗೆ ಗೊತ್ತಾಗಿತ್ತು, ಆದ್ರೂ ಹೇಳ್ಲಿಲ್ಲ. ಬೇಕಾದ್ರೆ ಅದಕ್ಕೆ ನನ್ನ ಬೈರಿ." ಹೆರ್ಮಿನಾ ಲೋಟಗಳಿಗೆ ಮತ್ತೆ ಬಗ್ಗಿಸಿದಳು. "ಆಮೇಲೆ ಯಾರಿಗೆ ಹೇಳೋದು? ಗರಿಟೋಪಿಯವನಿಗೆ ರೊಟ್ಟಿ ಕೊಟ್ಟೆ ಅಂದ್ರೆ ಜೈಲಿಗೆ ಹಾಕೋ ಕಾಲ. ಹೇಳ್ದೇ ಹೇಳ್ದೇ ಅಭ್ಯಾಸ ಆಗೋಯ್ತು."

ಆಮೇಲೆ ತನ್ನ ಲೋಟ ಎತ್ತಿ ಹಿಡಿದಳು. "ನಾನು ದೊಡ್ಡೋಳು, ನಾನೇ ಹೇಳ್ಬೇಕಿತ್ತು. ಇನ್ನು ಮೇಲೆ ನೀನು ಅಂದ್ಕೊಳ್ಳೋಣ?"

ಏತೆಲ್ಕಾ ನೇನಿ ಪಾಲಿಂಕಾ ಕುಡಿದಳು. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ಬೇಡ" ಅಂದಳು. "ನೀವೇ ಇರ್ಲಿ."

ವಾಪಸು ಬರುವಾಗ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಗೇಟಿನ ಹತ್ತಿರ ಮಾತ್ರ ನಿಂತು, "ನೋಡಿದ್ಯಾ, ಪೊಗಾಚಾ ತಿಂದೇಬಿಟ್ಳು. ತಟ್ಟೆ ಕೇಳೋಕೂ ಮರೆತೆ" ಅಂದಳು. ಆಮೇಲೆ ಗೇಟಿನ ಚಿಲಕ ಹಿಡಿದುಕೊಂಡೇ ತುಂಬ ಹೊತ್ತು ನಿಂತಿದ್ದಳು.

ಬರೆಯುವುದು ಸುಲಭವಾಗಲಿಲ್ಲ. ಹೆರ್ಮಿನಾಳ ಹೆಸರು ಬರೆದು ಹೊಡೆದು ಹಾಕುತ್ತಿದ್ದಳು. ಒಂದು ಸಲ 'ಬೀದಿಯ ಒಬ್ಬ ಹೆಂಗಸು' ಅಂತ ಬರೆದು ತಂದಳು.

"ನೇನಿ, ಬೀದೀಲಿ ತುಂಬ ಹೆಂಗಸರಿದ್ರು" ಅಂದೆ.

"ಒಲೆ ನಮ್ಮದು, ಬೆಂಕಿ ನಮ್ಮದು, ಹೆಸರು ಅವಳದ್ದಾ?"

"ಹಿತ್ತಿಲು ಅವರದ್ದು."

ಹಾಳೆ ಕಿತ್ತುಕೊಂಡು ಹೋದಳು. ಮರುದಿನ ತಂದಾಗ ಹೆರ್ಮಿನಾಳ ಪೂರ್ತಿ ಹೆಸರಿತ್ತು, ಗಂಡನ ಹೆಸರಿನ ಸಮೇತ. ಆದರೆ ಅದರ ಕೆಳಗೆ ನಾನು ನಿರೀಕ್ಷಿಸದ ನಾಲ್ಕು ಸಾಲಿದ್ದವು. ಅವು ಕಾಲ್ಮಾನನ ಬಗ್ಗೆ.

ಲೋರಾಂದ್ ಮೇಷ್ಟ್ರು ಓದಿ ಕನ್ನಡಕ ತೆಗೆದರು. "ಏತೆಲ್ಕಾ ನೇನಿ, ಗಡಿಯಾರದವನ ಕತೆ ಬಹಳ ಚೆನ್ನಾಗಿದೆ. ಗರಿಟೋಪಿಯವನನ್ನ ಬಿಟ್ಬಿಡೋಣ, ಓದೋರಿಗೆ ಗಲಿಬಿಲಿ. ನಿಮ್ಮಣ್ಣನ ವಿಷಯ ಮನೆ ವಿಷಯ. ಅದಿಲ್ದೇನೂ ಕತೆ ನಿಲ್ಲತ್ತೆ."

"ನಿಲ್ಲಲ್ಲ ಮೇಷ್ಟ್ರೇ. ಅಣ್ಣ ಇಲ್ದಿದ್ರೆ, ನನ್ ಗಂಡ ನಂಗ್ಯಾಕೆ ಹೇಳ್ಲಿಲ್ಲ ಅಂತ ಓದೋರು ಕೇಳ್ತಾರೆ. ಏನು ಅಂದ್ಕೋತಾರೆ? ನಾನು ಇಷ್ಟು ವರ್ಷ ಅಂದ್ಕೊಂಡಿದ್ದನ್ನೇ ಅಂದ್ಕೋತಾರೆ. ಅವಳ ಜೊತೆ ನನ್ ಗಂಡನ ಹೆಸರು ಹಾಗೆ ಓಡಾಡೋದು ನಂಗೆ ಬೇಡ."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಟೈಪ್ ಯಂತ್ರ ನೋಡಿದೆ. ನ್ಯಾಯಕ್ಕಾಗಿ ಬರೆದಳೋ ಹೊಟ್ಟೆಕಿಚ್ಚಿಗೆ ಬರೆದಳೋ ನಾನು ಹೇಳಲಾರೆ. ಬರೆದದ್ದು ಮಾತ್ರ ನಿಜವಾಗಿತ್ತು.

"ಮಕ್ಕಳು ಏನಂದ್ರು?" ಅಂದರು ಮೇಷ್ಟ್ರು.

"ಮಗಳು ಅತ್ಳು. ಮಗ ಫೋನ್ ಇಟ್ಬಿಟ್ಟ. ಗರಿಟೋಪಿಯವನೂ ಇರ್ಲಿ. ಅವಳು ಇಬ್ರನ್ನೂ ಬರೀರಿ ಅಂದಿದಾಳೆ. ಒಬ್ಬನ್ನ ಬಿಟ್ರೆ, ಏತೆಲ್ಕಾ ಅರ್ಧ ಕದ್ಳು ಅಂತ ನಾಳೆ ಅವಳು ಹೇಳೋ ಹಾಗಾಗ್ಬಾರ್ದು."

ಪುಸ್ತಕ ಅಚ್ಚಾಗುವ ಮೊದಲು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಒಂದು ಭಾನುವಾರ ಮಧ್ಯಾಹ್ನ ಓದು ಇಟ್ಟುಕೊಂಡರು. ಬೀದಿಯೆಲ್ಲ ಬಂತು. ಹೆರ್ಮಿನಾ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಏತೆಲ್ಕಾ ನೇನಿ ನಿಂತು ಓದಿದಳು. ಎಲ್ಲರ ಬುಟ್ಟಿಯಿಂದ ಚಿವುಟಿದ್ದು ಓದಿದಳು. ಗಡಿಯಾರದವನು ಬುದಾದ ಕಡೆ ಹೋದದ್ದು, ಆಮೇಲೆ ಏನಾದ ಗೊತ್ತಿಲ್ಲ ಅನ್ನುವುದು ಓದಿದಳು. ಗರಿಟೋಪಿಯವನದ್ದು ಓದುವಾಗ ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ಹೊರಗೆ ಹೋದ. ಕಾಲ್ಮಾನನ ಸಾಲುಗಳು ಬಂದಾಗ ದನಿ ತಗ್ಗಿತು, ಕತ್ತು ಕೆಂಪೇರಿತು, ಆದರೆ ನಿಲ್ಲಿಸಲಿಲ್ಲ: "ನನ್ನ ಅ‌ಣ್ಣ ಬಾಣಶಿಲುಬೆಯವನಾಗಿದ್ದ. ಬೇರೆಯವರನ್ನು ಮನೆಯಿಂದ ಹೊರಡಿಸಿದ ಕೈಯಿಂದಲೇ ನನ್ನ ಮನೆಯಲ್ಲಿ ಊಟ ಮಾಡುತ್ತಿದ್ದ. ನಾನು ಬಡಿಸುತ್ತಿದ್ದೆ. ಆದ್ದರಿಂದ ನನ್ನ ಗಂಡ ನನಗೆ ಏನನ್ನೂ ಹೇಳಲಿಲ್ಲ." ಅಷ್ಟಕ್ಕೆ ಬಾಗಿಲ ಬಳಿಯ ಇನ್ನೊಬ್ಬ ಟೋಪಿ ಹಾಕಿಕೊಂಡು ಹೊರಟ. ಬಿಡುಗಡೆ ಅನ್ನುವ ಕಡೆಯವನೊಬ್ಬ, ದಾಳಿ ಅನ್ನುವ ಕಡೆಯವನೊಬ್ಬ; ಮೇಷ್ಟ್ರ ಮುಖದಲ್ಲಿ ಪುಸ್ತಕ ಸರಿಯಾಗಿ ಬಂದಿದೆ ಅನ್ನುವ ಸಮಾಧಾನ ಕಂಡಿತು.

ಓದು ಮುಗಿದ ಮೇಲೆ ಬೋರ್ಬಾಲಾ ಕೂತಲ್ಲಿಂದಲೇ ಕೇಳಿದಳು: "ನಮ್ಮ ಹಿಟ್ಟೂ ಅದರಲ್ಲಿತ್ತು, ಅಲ್ವಾ?"

"ನಿಮ್ಮದೂ ಇತ್ತು ಬೋರಿ. ಕೇಳ್ದೆ ತಗೊಂಡಿದ್ದು."

"ಅಮ್ಮನ್ನ ಕೇಳಿದ್ರೆ ಗಡಿಯಾರದವನಿಗೆ ಕೊಡ್ತಿದ್ಳು" ಅಂದಳು ಬೋರ್ಬಾಲಾ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಇನ್ನೊಬ್ಬನಿಗೆ ಕೊಡ್ತಿರ್ಲಿಲ್ಲ. ಅದನ್ನೂ ಹಾಕಿ" ಅಂದಳು. ಮೇಷ್ಟ್ರು ಬರೆದುಕೊಂಡರು.

ಆಮೇಲೆ ಜನ ಎದ್ದರು, ಎದ್ದವರೆಲ್ಲ ನೇರ ಹಿಂದಿನ ಸಾಲಿಗೆ ನಡೆದರು. ಯಾರೋ ಹೆರ್ಮಿನಾಳಿಗೆ ಮೆತ್ತೆಯ ಕುರ್ಚಿ ತಂದರು, ಯಾರೋ ಅವಳ ಕೈ ಹಿಡಿದುಕೊಂಡರು. ಬೋರ್ಬಾಲಾ ಪಾಲಿಂಕಾ ಲೋಟ ಕೊಟ್ಟಳು. ಮುಂದೆ ಮೇಜಿನ ಹತ್ತಿರ ಏತೆಲ್ಕಾ ನೇನಿ ತನ್ನ ಹಾಳೆಗಳನ್ನು ಜೋಡಿಸುತ್ತ ಒಬ್ಬಳೇ ನಿಂತಿದ್ದಳು. ನಾನು ಹತ್ತಿರ ಹೋದೆ.

"ನೋಡು ಹುಡುಗಿ" ಅಂದಳು. "ಅಣ್ಣನ್ನ ಬಯಲಿಗೆಳೆದು ಬರೆದೋಳು ನಾನು. ಮಗ ಮಾತು ಬಿಟ್ಟಿರೋದು ನನ್ನ ಜೊತೆ. ಮೆತ್ತೆ ಕುರ್ಚಿ ಅವಳಿಗೆ."

"ನಿಮಗೂ ತರ್ತೀನಿ ನೇನಿ."

"ಬೇಡ. ಅವಳು ಅಲ್ಲಿ ಏನೋ ಹೇಳ್ತಾ ಇದಾಳೆ, ಕೇಳಿಸ್ತಿದ್ಯಾ? ಅಂಬ್ರುಶ್ ಕೈ ಹಿಡಿದು ಹೇಳಿದ್ರು, ಹೆದರ್ಬೇಡಿ ಅಂದ್ರು, ಅಂತ. ನಮ್ಮನೆಯೋರು ಹುಟ್ಟಿದಾಗಿಂದ ಯಾರಿಗೂ ಹೆದರ್ಬೇಡಿ ಅಂದೋರಲ್ಲ. ಅವರಿಗೇ ಇಲಿ ಕಂಡ್ರೆ ಹೆದರಿಕೆ."

ಕನ್ನಡಕ ಮೂಗಿನ ಮೇಲಕ್ಕೆ ತಳ್ಳಿ, ಜನರನ್ನು ಮೊಣಕೈಯಲ್ಲಿ ಸರಿಸುತ್ತ ಹಿಂದಿನ ಸಾಲಿಗೆ ನಡೆದಳು. ಒಂದು ಮರದ ಕುರ್ಚಿಯನ್ನು ಎಳೆದು ಮೆತ್ತೆಯ ಕುರ್ಚಿಗೆ ತಾಗಿಸಿ ಕೂತಳು.

"ಹೆರ್ಮಿನಾ, ನೀವು ಹೇಳ್ತಿರೋದು ಸರಿಯಿಲ್ಲ" ಅಂದಳು. "ಮೊದಲಿಂದ ಹೇಳಿ. ತಪ್ಪಿದ ಕಡೆ ನಾನು ಹೇಳ್ತೀನಿ."